ಅಜ್ಜಿಯ ಮುಖಕ್ಕೆ ಆಯಿಲ್ ಪೇಂಟೇ ಯಾಕೆ?

ಓದುಗರ ಪ್ರಶ್ನೆ: ಒಂದೇ ಫೋಟೋ ಇಟ್ಟುಕೊಂಡು ಅಜ್ಜಿಯ ಮುಖವನ್ನು ಅಕ್ರಿಲಿಕ್‌ನಲ್ಲಿ ಬರೆದರೂ ಆಯಿಲ್‌ನಲ್ಲಿ ಬರೆದರೂ ಅಜ್ಜಿ ಅಜ್ಜಿಯೇ ಅಲ್ವಾ? ಅರ್ಥ ಹೇಗೆ ಬದಲಾಗುತ್ತದೆ?

ಉತ್ತರ: ಬದಲಾಗುತ್ತದೆ. ಕಾರಣ ಎಣ್ಣೆ.

ಅಕ್ರಿಲಿಕ್‌ನಲ್ಲಿರುವುದು ನೀರು. ಅದು ಆರಿದರೆ ಮುಗಿಯಿತು, ಸ್ವಲ್ಪ ಹೊತ್ತಿನ ಕೆಲಸ. ಆಯಿಲ್ ಪೇಂಟಿನಲ್ಲಿ ಸಾಮಾನ್ಯವಾಗಿ ಅಗಸೆ ಎಣ್ಣೆ ಇರುತ್ತದೆ. ಅದು ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ದಿನಗಳು ಬೇಕು, ದಪ್ಪ ಹಚ್ಚಿದರೆ ವಾರಗಳು. ನಮ್ಮ ಮಲೆನಾಡಿನ ಸಾಗರ ಊರಿನ ಕಡೆ ಆಷಾಢದಲ್ಲಿ, ಬಿಸಿಲು ಕಾಣದ ತಣ್ಣನೆ ಕೋಣೆಯಲ್ಲಿ ಇನ್ನೂ ಜಾಸ್ತಿ. ಒಂದು ಮಳೆಗಾಲ ನಾನು ಬರೆದ ಅಜ್ಜಿಯ ಕೆನ್ನೆ ಐದನೇ ದಿನವೂ ಬೆರಳಿಗೆ ಅಂಟುತ್ತಿತ್ತು. ಬೈದುಕೊಂಡೆ. ಆಮೇಲೆ ಅದೇ ಬೆರಳಲ್ಲಿ ದವಡೆಯ ಅಂಚನ್ನು ಸುಮ್ನೆ ಒಂದು ಸಲ ಸವರಿದೆ. ಗೆರೆ ಕರಗಿತು. ಕೆನ್ನೆ ಎಲ್ಲಿ ಮುಗಿದು ನೆರಳೆಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಹಲ್ಲಿಲ್ಲದ ಬಾಯಿಯ ಮೆದುತನ ಬಂದಿದ್ದೇ ಆಗ.

ಹಸೆ ಚಿತ್ತಾರ ನೆನಪು ಮಾಡಿಕೊಳ್ಳಿ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಮದುವೆಗೆಂದು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ಮಣ್ಣು ಗೆರೆಯನ್ನು ಕುಡಿದುಬಿಡುತ್ತದೆ. ತಿಕ್ಕಿ ಮೆದು ಮಾಡುವ ಮಾತೇ ಇಲ್ಲ. ಹಾಗಾಗಿ ಅಲ್ಲಿನ ಮದುಮಕ್ಕಳು ಬರೀ ಗೆರೆಗಳಲ್ಲಿ ಮೂಡುತ್ತಾರೆ, ಯಾರ ಮನೆ ಮದುವೆಗಾದರೂ ಸಲ್ಲುತ್ತಾರೆ. ಎಣ್ಣೆ ಬಣ್ಣ ಎಳೆಯುವುದು ಇನ್ನೊಂದು ಕಡೆಗೆ: ಇವಳು, ಇವಳೊಬ್ಬಳೇ.

ಇನ್ನೊಂದು ಗುಣ, ಎಣ್ಣೆಯ ಪದರವನ್ನು ಗಾಜಿನಷ್ಟು ತೆಳುವಾಗಿ ಹಚ್ಚಬಹುದು. ಬೆಳಕು ಒಳಗೆ ಇಳಿದು, ಅಡಿಯ ಬಿಳಿಗೆ ತಾಗಿ ವಾಪಸ್ ಬರುತ್ತದೆ. ನಮ್ಮ ಚರ್ಮದಲ್ಲೂ ಬೆಳಕು ಹೆಚ್ಚುಕಮ್ಮಿ ಹಾಗೇ ಆಡುತ್ತದೆ. ರಾಜಾ ರವಿವರ್ಮ (1848–1906) ದೇವತೆಗಳನ್ನು ಎಣ್ಣೆ ಬಣ್ಣದಲ್ಲಿ ಬರೆದಾಗ ಅವರಿಗೆ ಮೈಭಾರ ಬಂತು, ಪಕ್ಕದ ಮನೆಯವರ ಹಾಗೆ ಕಂಡರು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ರವಿವರ್ಮರ ಚಿತ್ರಗಳ ಮುಂದೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತು, ಬೆಳಕು ಹೇಗೆ ಆಡುತ್ತದೆ ನೋಡಿ. ಎಣ್ಣೆ ಬಣ್ಣವನ್ನು ದಪ್ಪಗೂ ಹಚ್ಚಬಹುದು: ಡಚ್ ಚಿತ್ರಕಾರ ರೆಂಬ್ರಾಂಟ್ ಮುದಿತನದಲ್ಲಿ ಬರೆದುಕೊಂಡ ತನ್ನ ಮುಖಗಳಲ್ಲಿ ಬಣ್ಣ ದಪ್ಪಗೆ ನಿಂತಿದೆ, ಸುಕ್ಕಿಗೆ ಸುಕ್ಕೇ ಎದ್ದಂತೆ.

ನೀವು ಬರೆಯುವುದಾದರೆ ಮಳೆ ಬಿಟ್ಟ ಮೇಲೆ ಶುರು ಮಾಡಿ, ಇಲ್ಲವಾದರೆ ಬೂಷ್ಟು ಅಜ್ಜಿಗಿಂತ ಮೊದಲು ಕ್ಯಾನ್ವಾಸ್ ಹತ್ತುತ್ತದೆ. ಅಡಿಯ ಪದರಕ್ಕೆ ಎಣ್ಣೆ ಕಮ್ಮಿ, ಮೇಲಿನದಕ್ಕೆ ಜಾಸ್ತಿ. ಉಲ್ಟಾ ಆದರೆ ಕೆನ್ನೆ ಬಿರುಕು ಬಿಡುತ್ತದೆ.