ಲೋಟದಲ್ಲೊಂದು ಎರೆಹೆಂಟೆ

ಎರೆಮಣ್ಣಿನ ಒಣ ಹೆಂಟೆಯಿಂದ ಕಡಲೆಕಾಳಿನಷ್ಟು ಚೂರು ಮುರಿದು, ಮಳೆನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಡಿ. ಕಲಕಬೇಡಿ. ಚೂರು ಉದುರಿ ತಳದಲ್ಲಿ ಕೂತರೂ ಮೇಲಿನ ನೀರು ತಿಳಿಯಾಗಿದ್ದರೆ ಅದು ಸಹಜ. ಎರಡು ತಾಸಿನೊಳಗೆ ಸುತ್ತಲೂ ಹಾಲು ಬೆರೆಸಿದಂಥ ಮಬ್ಬು ಹರಡಿದರೆ ಆ ಹೊಲದಲ್ಲಿ ಸೋಡಿಯಂ ಮನೆ ಮಾಡಿದೆ. ಕೊಳವೆಬಾವಿ ನೀರು ಬಳಸಬೇಡಿ. ಅದರ ಲವಣಗಳೇ ಮಬ್ಬನ್ನು ಅಡಗಿಸುತ್ತವೆ.

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿದ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಎಷ್ಟೋ ಎರೆಹೊಲಗಳು ಕೆಟ್ಟವು. ಎಲ್ಲದಕ್ಕೂ 'ಸವಳು ಬಿತ್ತು' ಎನ್ನುವುದು ರೂಢಿ. ಆದರೆ ರೋಗ ಎರಡು. ಒಂದರಲ್ಲಿ ಬರೀ ಲವಣ ಹೆಚ್ಚು: ಬೇಸಿಗೆಯಲ್ಲಿ ಬಿಳಿ ಪುಡಿ ಏಳುತ್ತದೆ, ಒಳ್ಳೆಯ ನೀರು ನಿಲ್ಲಿಸಿ ಬಸಿದರೆ ಹೋಗುತ್ತದೆ. ಇನ್ನೊಂದು ಕ್ಷಾರ: ರಸಸಾರ (ಪಿಎಚ್) 8.5 ದಾಟಿ, ಮಣ್ಣು ಹಿಡಿದಿಟ್ಟ ಧನ ಅಯಾನುಗಳಲ್ಲಿ, ಅಂದರೆ ಧನ ವಿದ್ಯುದಂಶದ ಕಣಗಳಲ್ಲಿ, ಸೋಡಿಯಂ ಪಾಲು ನೂರಕ್ಕೆ 15 ಮೀರಿರುತ್ತದೆ.

ಎರೆಮಣ್ಣಿನ ಜೇಡಿಯೆಂದರೆ ಒಂದರ ಮೇಲೊಂದು ಪೇರಿಸಿದ ಕಟಕ ರೊಟ್ಟಿಗಳು. ಪ್ರತಿ ರೊಟ್ಟಿಯ ಮೈಮೇಲೂ ಋಣ ವಿದ್ಯುದಂಶ. ಕ್ಯಾಲ್ಸಿಯಂಗೆ ಎರಡು ಧನ ಅಂಶ. ನೊಗ ಎರಡೆತ್ತನ್ನು ಹಿಡಿದಂತೆ ಅದು ಪದರಗಳನ್ನು ಹತ್ತಿರ ಹಿಡಿಯುತ್ತದೆ. ಸೋಡಿಯಂಗೆ ಒಂದೇ. ಹಿಡಿತ ಸಡಿಲ, ಮೇಲೆ ನೀರಿನ ದಪ್ಪ ಕಂಬಳಿ ಬೇರೆ. ಪದರಗಳು ದೂರ ಸರಿದು ತೇಲಿ, ಮಣ್ಣಿನ ಸಂದುಗಳಿಗೆ ಮೆತ್ತಿಕೊಳ್ಳುತ್ತವೆ. ಹಿಂದೆ ಚೌಳುಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರಲ್ಲ, ಅದರ ಸೋಡಾ ಕೊಳೆಯನ್ನು ಬಿಡಿಸಿ ತೇಲಿಸುವುದೂ ಇದೇ ಬಗೆಯ ಕೆಲಸ. ಹೊಲದಲ್ಲಿ ಅದು ಮಣ್ಣನ್ನೇ ಬಿಡಿಸುತ್ತದೆ: ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು.

ಲವಣ ಮತ್ತು ಸೋಡಿಯಂ ಎರಡೂ ಇರುವ ಹೊಲದಲ್ಲಿ ಎಡವುವುದು ಇಲ್ಲೇ. ಲವಣ ಇರುವವರೆಗೆ ಲೋಟದಲ್ಲೂ ಮಬ್ಬು ಏಳದಿರಬಹುದು. ಬರೀ ಕಾಲುವೆ ನೀರು ಹಾಯಿಸಿದರೆ ಲವಣ ಮೊದಲು ತೊಳೆದುಹೋಗಿ, ಸೋಡಿಯಂ ಉಳಿದು, ನೆಲ ಬಾಯಿ ಕಟ್ಟಿಕೊಳ್ಳುತ್ತದೆ.

'ಕೆಟ್ಟ ನೆಲಕ್ಕೆ ಸುಣ್ಣ' ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಅದು ಮಲೆನಾಡಿನ ಹುಳಿಮಣ್ಣಿನ ಔಷಧ. ಎರೆಯಲ್ಲಿ ಸುಣ್ಣಕಲ್ಲಿನ ಹರಳು ಮೊದಲೇ ಬೇಕಾದಷ್ಟಿದೆ; ಕ್ಷಾರದಲ್ಲಿ ಅದು ಕರಗುವುದೇ ಇಲ್ಲವೆನ್ನಬಹುದು. ಬೇಕಾದ್ದು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್; ಲೀಟರಿಗೆ ಎರಡು ಗ್ರಾಂಗಿಂತ ತುಸು ಹೆಚ್ಚು ಕರಗುತ್ತದೆ. ಕರಗಿದ ಕ್ಯಾಲ್ಸಿಯಂ ಜೇಡಿಯಿಂದ ಸೋಡಿಯಂ ಅನ್ನು ಬಿಡಿಸಿ ಅದರ ಜಾಗ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದ ಮಣ್ಣುವಿಜ್ಞಾನಿ ಹಿಲ್ಗಾರ್ಡ್ 19ನೆಯ ಶತಮಾನದಲ್ಲೇ ಇದನ್ನು ಸೂಚಿಸಿದ್ದರು.

ಲೆಕ್ಕ ಹೀಗೆ: ಧನ ಅಯಾನು ಹಿಡಿಯುವ ಶಕ್ತಿ (ಮಣ್ಣು ಪರೀಕ್ಷೆಯ ಸಿಇಸಿ) ಕಿಲೋಗೆ 50 ಸೆಂಟಿಮೋಲ್ ಇರುವ ಮಣ್ಣಿನಲ್ಲಿ ಸೋಡಿಯಂ ಪಾಲನ್ನು ನೂರಕ್ಕೆ 20ರಿಂದ 10ಕ್ಕೆ ಇಳಿಸಲು, 15 ಸೆಂಟಿಮೀಟರ್ ಆಳಕ್ಕೆ ಎಕರೆಗೆ ಸುಮಾರು 3.4 ಟನ್ ಶುದ್ಧ ಜಿಪ್ಸಂ ಬೇಕು. ಚೀಲದ ಮೇಲೆ ಶುದ್ಧತೆ ನೂರಕ್ಕೆ 70 ಎಂದಿದ್ದರೆ ಸುಮಾರು 4.9 ಟನ್. ಮಡಿ ಸಮ ಮಾಡಿ, ಬದು ಕಟ್ಟಿ, ಪುಡಿಯನ್ನು ಮೇಲಿನ 10 ಸೆಂಟಿಮೀಟರಿನಲ್ಲಷ್ಟೇ ಬೆರೆಸಿ, ಹತ್ತು ಹನ್ನೆರಡು ದಿನ ನೀರು ನಿಲ್ಲಿಸಿ. ಆದರೆ ಬಸಿಗಾಲುವೆ ಮೊದಲು ಆಗಬೇಕು. ಬಿಡುಗಡೆಯಾದ ಸೋಡಿಯಂ ಹೊರಬೀಳದಿದ್ದರೆ ಸುರಿದ ಜಿಪ್ಸಂ ದಂಡ.

ಮೊದಲ ಬೆಳೆ ಭತ್ತವಾದರೆ ಒಳ್ಳೆಯದು. ನಾಟಿಯಾದ ಮೂರು ವಾರಕ್ಕೆ ಎಲೆಗಳಲ್ಲಿ ತುಕ್ಕಿನ ಚುಕ್ಕೆ ಕಂಡರೆ ಸತುವಿನ ಕೊರತೆಯಿರಬಹುದು. ನಾಟಿಗೆ ಮೊದಲೇ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಹಾಕಿ, ರಂಜಕದ ಗೊಬ್ಬರ ಡಿಎಪಿ ಜೊತೆ ಬೆರೆಸದೆ.