ಮಳೆ ನಾಡಿನಲ್ಲಿ ಮಾದರಿ ರೈಲು

ಆಷಾಢದಲ್ಲಿ ಜೋಡಿಸಿದ ಮಾದರಿ ರೈಲಿನ ಹಳಿ ಶಿವರಾತ್ರಿಯ ಹೊತ್ತಿಗೆ ಹಾವಿನಂತೆ ಸೊಟ್ಟಗಾಗುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಈ ಹವ್ಯಾಸಕ್ಕೆ ಕೈಹಾಕಿದವರು ಮೊದಲು ದೂರುವುದು ಬಿಸಿಲನ್ನು. ಲೆಕ್ಕ ಹಾಕಿ ನೋಡಿದರೆ ಬಿಸಿಲಿನ ಪಾಲು ತೀರಾ ಕಡಿಮೆ. ಮಾದರಿ ಹಳಿಗೆ ಬಳಸುವ ನಿಕಲ್ ಸಿಲ್ವರ್ ಪ್ರತಿ ಡಿಗ್ರಿಗೆ, ಪ್ರತಿ ಮೀಟರಿಗೆ ಸುಮಾರು 0.016 ಮಿ.ಮೀ. ಹಿಗ್ಗುತ್ತದೆ. ಎಂಟು ಅಡಿ ಹಳಿ ಹತ್ತು ಡಿಗ್ರಿ ಬಿಸಿಯಾದರೂ ಹಿಗ್ಗುವುದು ಅರ್ಧ ಮಿಲಿಮೀಟರಿಗೂ ಕಮ್ಮಿ. ಅದರ ಕೆಳಗಿರುವ ಎಂಟು ಅಡಿ ಪ್ಲೈವುಡ್ ಮಾತ್ರ ಮಳೆಗಾಲದಲ್ಲಿ ತೇವ ಕುಡಿದು, ಬೇಸಿಗೆಯಲ್ಲಿ ಒಣಗುವಾಗ ಮೂರು ನಾಲ್ಕು ಮಿ.ಮೀ. ಕುಗ್ಗಬಲ್ಲದು. ಹಲಗೆ ಕುಗ್ಗಿತು, ಹಳಿ ಕುಗ್ಗಲಿಲ್ಲ. ಜಾಗ ಸಾಲದ ಹಳಿ ಪಕ್ಕಕ್ಕೆ ಬಾಗಿತು.

ಮರ ಗಾಳಿಯೊಂದಿಗೆ ಸದಾ ತೇವ ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ಶೇ. 50 ಇದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಶೇ. 9ರಷ್ಟು. ಆರ್ದ್ರತೆ ಶೇ. 90 ಆದರೆ ಅದು ಶೇ. 20ರ ಹತ್ತಿರ ಹೋಗುತ್ತದೆ. ಸೋನೆ ಹಿಡಿದ ವಾರಗಳಲ್ಲಿ ಮಲೆನಾಡಿನ ಮನೆಯೊಳಗಿನ ಗಾಳಿಯ ಆರ್ದ್ರತೆ ಈ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ಹಳಿ ಹಾಸುವವರು ಮೊದಲು ಯೋಚಿಸಬೇಕಾದದ್ದು ಇಂಜಿನ್ ಬಗ್ಗೆ ಅಲ್ಲ, ಹಲಗೆಯ ಬಗ್ಗೆ.

ಇಡೀ ಮರದ ಹಲಗೆ ಬೇಡ. ಎಳೆಗೆ ಅಡ್ಡವಾಗಿ ಅದು ಪ್ಲೈವುಡ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಉಬ್ಬುತ್ತದೆ. ಕುದಿನೀರು ತಡೆಯುವ ದರ್ಜೆಯ 12 ಮಿ.ಮೀ. ಪ್ಲೈವುಡ್ ತಂದು, ಬೇಕಾದ ಅಳತೆಗೆ ಕೊಯ್ಸಿ, ತೂತುಗಳನ್ನೆಲ್ಲ ಕೊರೆದಾದ ಮೇಲೆ ಎರಡೂ ಮುಖಕ್ಕೆ ಪ್ರೈಮರ್, ಅದರ ಮೇಲೆ ಎರಡು ಸಲ ಎನಾಮೆಲ್ ಬಳಿಯಬೇಕು. ಅಂಚುಗಳಿಗೆ ಮೂರು ಸಲ. ಪ್ಲೈವುಡ್ ನೀರು ಕುಡಿಯುವುದು ಹೆಚ್ಚಾಗಿ ಅಂಚಿನಿಂದ. ಮೇಲ್ಮುಖಕ್ಕೆ ಮಾತ್ರ ಬಣ್ಣ ಬಳಿದರೆ ಒಂದು ಬದಿ ಉಬ್ಬಿ, ಇನ್ನೊಂದು ಬದಿ ಹಾಗೇ ಉಳಿದು ಹಲಗೆ ದೋಣಿಯಂತೆ ಬಾಗುತ್ತದೆ. ಚೌಕಟ್ಟಿಗೆ 25 ಮಿ.ಮೀ. ಚೌಕದ ಕಬ್ಬಿಣದ ಪೈಪ್ ಒಳ್ಳೆಯದು. ವೆಲ್ಡಿಂಗ್ ಅಂಗಡಿಯಲ್ಲಿ ಒಂದೇ ದಿನದ ಕೆಲಸ. ರೆಡ್ ಆಕ್ಸೈಡ್ ಬಳಿದರೆ ತುಕ್ಕಿನ ಚಿಂತೆಯಿಲ್ಲ, ಗೆದ್ದಲಂತೂ ಕಬ್ಬಿಣ ತಿನ್ನುವುದಿಲ್ಲ. ಮೇಜು ಗೋಡೆಗೆ ತಾಗದಂತೆ ಎರಡು ಇಂಚು ಬಿಟ್ಟು ನಿಲ್ಲಿಸಿ.

ಹಳಿ ಹಾಸಲು ಸರಿಯಾದ ಕಾಲ ನವೆಂಬರ್ ಕೊನೆ, ಡಿಸೆಂಬರ್. ಆಗ ಮರದ ತೇವ ವರ್ಷದ ನಡುಮಟ್ಟದಲ್ಲಿರುತ್ತದೆ. 914 ಮಿ.ಮೀ. ಉದ್ದದ ಬಾಗುವ ಹಳಿಯ ಪ್ರತಿ ಸೇರುವೆಯಲ್ಲೂ ಎರಡು ಲಗ್ನಪತ್ರಿಕೆಯಷ್ಟು ದಪ್ಪದ ಸಂದು ಬಿಡಬೇಕು. ತಿರುವಿನಲ್ಲಿ ಮಾತ್ರ ಈ ನಿಯಮ ಬೇರೆ. ಅಲ್ಲಿ ಎರಡು ತುಂಡುಗಳನ್ನು ನೇರವಾಗಿಟ್ಟು ಬೆಸುಗೆ ಹಾಕಿ, ಆಮೇಲೆ ಒಟ್ಟಿಗೆ ಬಾಗಿಸಬೇಕು. ಇಲ್ಲವಾದರೆ ಸೇರುವೆಯಲ್ಲಿ ಮೂಲೆ ಮೂಡಿ, ಇಂಜಿನ್ ಪ್ರತಿ ಸಲ ಅಲ್ಲೇ ಹಳಿ ತಪ್ಪುತ್ತದೆ.

ಇನ್ನು ಅಳತೆ. ಎಚ್‌ಒ ಎಂದರೆ ನಿಜದ 87ನೇ ಒಂದು ಭಾಗ. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ 1435 ಮಿ.ಮೀ. ಆಗುತ್ತದೆ. ಅದು ಯುರೋಪಿನ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಇರುವುದರಿಂದ ಕರಾರುವಾಕ್ಕಾಗಿ 19.3 ಮಿ.ಮೀ. ಹಳಿ ಬೇಕಿತ್ತು. ಸಿದ್ಧ ಹಳಿ ಸಿಗುವ ಅನುಕೂಲಕ್ಕಾಗಿ ಭಾರತೀಯ ಮಾದರಿಗಳೂ 16.5ರ ಮೇಲೇ ಓಡುತ್ತವೆ. ಇದನ್ನು ಒಪ್ಪಿಕೊಳ್ಳುವುದೇ ಲೇಸು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಹಳೆಯ ಮೀಟರ್ ಗೇಜ್ ಕಟ್ಟುವವರಿಗೆ 12 ಮಿ.ಮೀ. ಹಳಿ ಸರಿಹೊಂದುತ್ತದೆ. ಗೇಜ್ ಬದಲಾಗುವ ಮೊದಲು ಆ ಮಾರ್ಗದಲ್ಲಿ ರೈಲು ಬಸ್ಸು ಓಡುತ್ತಿತ್ತು. ಒಂಟಿ ಗಿಡ್ಡ ವಾಹನವಾದ್ದರಿಂದ ಚಿಕ್ಕ ಕೋಣೆಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಎಂಟಡಿ ನಾಲ್ಕಡಿ ಹಲಗೆಯ ಮೇಲೆ ಉದ್ದ ಬೋಗಿಗಳನ್ನು ಸುತ್ತಿಸುವ ಆಸೆ ಹೆಚ್ಚಿನವರಿಗೆ ಇರುತ್ತದೆ. ಚೆನ್ನೈನ ಐಸಿಎಫ್ ಕಾರ್ಖಾನೆಯ ಬೋಗಿಯ ಒಡಲು 21.3 ಮೀಟರ್. ಎಚ್‌ಒದಲ್ಲಿ 24.5 ಸೆಂ.ಮೀ. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಎರಡೂವರೆ ಪಟ್ಟಾದರೂ ಇರಬೇಕು, ಅಂದರೆ 61 ಸೆಂ.ಮೀ. ನಾಲ್ಕಡಿ ಹಲಗೆಯಲ್ಲಿ ಅದು ಹಿಡಿಸುವುದಿಲ್ಲ. ಪೆಟ್ಟಿಗೆ ಸೆಟ್ಟುಗಳ ಜೊತೆ ಬರುವ 43.8 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಆ ಬೋಗಿಯ ನಡು ಸುಮಾರು 8 ಮಿ.ಮೀ. ಒಳಕ್ಕೆ ಸರಿದು ಪ್ಲಾಟ್‌ಫಾರ್ಮಿನ ಅಂಚನ್ನು ಕೆರೆಯುತ್ತದೆ. ಹಾಗಾಗಿ ಸುತ್ತುವ ಹಳಿಗಿಂತ ಗೋಡೆಗುಂಟ 40 ಸೆಂ.ಮೀ. ಅಗಲದ ಹಲಗೆಯ ಮೇಲೆ ತಾಳಗುಪ್ಪದಂಥ ಕೊನೆಯ ನಿಲ್ದಾಣವೊಂದನ್ನು ಕಟ್ಟುವುದು ಜಾಣತನ. ಅಲ್ಲಿ ಇಂಜಿನ್ ಬಿಚ್ಚಿ, ಪಕ್ಕದ ಲೂಪ್ ಹಳಿಯಲ್ಲಿ ಸಾಗಿ, ರೈಲಿನ ಇನ್ನೊಂದು ತುದಿಗೆ ಬಂದು ಸೇರಬೇಕು. ಒಂದು ಇಂಜಿನ್, ಮೂರು ಬೋಗಿಗೆ, ಹಳಿ ಕವಲೊಡೆಯುವ ಪಾಯಿಂಟ್‌ಗಳನ್ನು ಬಿಟ್ಟು ಒಂದು ಮೀಟರ್ ಚಿಲ್ಲರೆ ಲೂಪ್ ಸಾಕು. ಗಂಟೆಗೆ 60 ಕಿ.ಮೀ. ವೇಗ ಈ ಅಳತೆಯಲ್ಲಿ ಸೆಕೆಂಡಿಗೆ 19 ಸೆಂ.ಮೀ. ಮಾತ್ರ. ನಿಧಾನ ಓಡಿಸಿದಷ್ಟೂ ಕೋಣೆ ದೊಡ್ಡದಾಗುತ್ತದೆ.

ಘಾಟಿ ಕಟ್ಟುವ ಆಸೆಗೂ ಲೆಕ್ಕವೇ ಕಡಿವಾಣ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಏರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಎತ್ತರ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಬೇಕಾದರೆ ಸುಮಾರು 9 ಸೆಂ.ಮೀ. ಎತ್ತರ ಬೇಕು. ಅದೇ ಏರಿನಲ್ಲಿ ಅಷ್ಟು ಹತ್ತಲು ನಾಲ್ಕೂವರೆ ಮೀಟರ್ ಹಳಿ, ಇಳಿಯಲು ಮತ್ತೆ ನಾಲ್ಕೂವರೆ. ಜಾಗ ಉಳಿಸಲು ಏರನ್ನು 30ಕ್ಕೆ 1 ಮಾಡಿದರೆ ದಂಡ ತೆರುವುದು ಇಂಜಿನ್. 400 ಗ್ರಾಂ ಇಂಜಿನ್ ಹಳಿ ಕಚ್ಚಿ ಎಳೆಯಬಲ್ಲದ್ದು ತನ್ನ ತೂಕದ ಕಾಲು ಭಾಗಕ್ಕಿಂತ ತುಸು ಕಡಿಮೆ, 90 ಗ್ರಾಂ ಎನ್ನೋಣ. 165 ಗ್ರಾಂ ಬೋಗಿ ಸಮತಟ್ಟಿನಲ್ಲಿ ಉರುಳಲು ನಾಲ್ಕು ಗ್ರಾಂ ಎಳೆತ ಬೇಡಿದರೆ, 50ಕ್ಕೆ 1ರ ಏರಿನಲ್ಲಿ ಇನ್ನೂ 3.3 ಗ್ರಾಂ ಸೇರುತ್ತದೆ. ಇಂಜಿನ್ ತನ್ನ ಭಾರವನ್ನೇ ಹೊರಲು 8 ಗ್ರಾಂ ಖರ್ಚು ಮಾಡುತ್ತದೆ. ಸಮತಟ್ಟಿನಲ್ಲಿ ಇಪ್ಪತ್ತೆರಡು ಬೋಗಿ ಎಳೆದದ್ದು ಇಲ್ಲಿ ಹನ್ನೊಂದಕ್ಕೆ ಇಳಿಯಿತು, 30ಕ್ಕೆ 1ರಲ್ಲಿ ಎಂಟಕ್ಕೆ. ಏರಿನ ಮೇಲೆ ತಿರುವೂ ಬಂದರೆ ಅದಕ್ಕಿಂತ ಕಡಿಮೆ. ಬೋಗಿಯ ತೂಕ ಇಳಿಸಿ ಗೆಲ್ಲೋಣವೆಂದರೆ ಹಗುರ ಬೋಗಿ ತಿರುವಿನಲ್ಲಿ ಒಳಕ್ಕೆ ಮಗುಚುತ್ತದೆ.

ರೈಲು ತಡೆತಡೆದು ನಿಲ್ಲುತ್ತದೆಯೆಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ವಿದ್ಯುತ್ತು. ಇಂಜಿನ್‌ಗೆ ಅದು ಬರುವುದು ಹಳಿಯ ಮೂಲಕವೇ. ಹೆಸರಿನಲ್ಲಿ ಸಿಲ್ವರ್ ಇದ್ದರೂ ನಿಕಲ್ ಸಿಲ್ವರಿನಲ್ಲಿ ಬೆಳ್ಳಿಯಿಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಲೋಹ. ವಿದ್ಯುತ್ತಿಗೆ ಅದರ ತಡೆ ತಾಮ್ರದ ಸುಮಾರು ಹದಿನೇಳು ಪಟ್ಟು. ಇನ್ನು ತುಂಡುಗಳನ್ನು ಸೇರಿಸುವ ಫಿಶ್‌ಪ್ಲೇಟ್ ಬರೀ ಒತ್ತಿ ಹಿಡಿದ ತಗಡು. ತೇವದಲ್ಲಿ ಎರಡು ವರ್ಷ ಕಳೆದರೆ ಅದರೊಳಗೆ ಕಪ್ಪು ಪೊರೆ ಕೂರುತ್ತದೆ. ಹಾಗಾಗಿ ಅದನ್ನು ನಂಬದೆ, ಮೇಜಿನ ಕೆಳಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ಜೋಡಿ ತಂತಿ ಎಳೆದು, ಪ್ರತಿಯೊಂದು ಹಳಿ ತುಂಡಿಗೂ 0.5 ಚದರ ಮಿ.ಮೀ. ಕವಲು ತಂತಿ ಬೆಸೆಯಬೇಕು. ಡಿಜಿಟಲ್ ನಿಯಂತ್ರಕ ಇದ್ದವರಿಗೆ ಪರೀಕ್ಷೆ ಸುಲಭ: ಅತಿ ದೂರದ ಮೂಲೆಯಲ್ಲಿ ಎರಡು ಹಳಿಗಳ ಮೇಲೆ ಒಂದು ರೂಪಾಯಿ ನಾಣ್ಯ ಅಡ್ಡವಿಡಿ. ನಿಯಂತ್ರಕ ತಕ್ಷಣ ಟ್ರಿಪ್ ಆದರೆ ತಂತಿ ಸರಿ. ಆಗದಿದ್ದರೆ ನಾಣ್ಯ ತೆಗೆದುಬಿಡಿ. ಆ ತುಂಡಿನ ದಾರಿಯಲ್ಲಿ ತಡೆ ಹೆಚ್ಚಿದೆ. ರೈಲು ಅಲ್ಲಿ ಹಳಿ ತಪ್ಪಿ ಶಾರ್ಟ್ ಆದ ದಿನ ವಿದ್ಯುತ್ ನಿಲ್ಲದೆ ಹರಿದು ಚಕ್ರದ ಸುತ್ತಲಿನ ಪ್ಲಾಸ್ಟಿಕ್ ಕರಗುತ್ತದೆ. ಮಳೆಗೆ ಮೊದಲಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು.

ಜಲ್ಲಿಗೆ ಊರಿನದೇ ಕಲ್ಲುಪುಡಿ, ಟೀ ಸೋಸುವ ಜರಡಿಯಲ್ಲಿ ಜರಡಿಯಾಡಿಸಿದ್ದು ಸಾಕು. 50 ಮಿ.ಮೀ. ಜಲ್ಲಿ ಈ ಅಳತೆಯಲ್ಲಿ ಅರ್ಧ ಮಿ.ಮೀ.ಗಿಂತ ತುಸು ದಪ್ಪ. ಆದರೆ ಹಾಕುವ ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಯಸ್ಕಾಂತವನ್ನು ಆ ಪುಡಿಯೊಳಗೆ ನಾಲ್ಕೈದು ಸಲ ಆಡಿಸಲೇಬೇಕು. ನಮ್ಮ ಮಣ್ಣು, ಕಲ್ಲಿನಲ್ಲಿ ಕಬ್ಬಿಣದ ಅಂಶ ಧಾರಾಳ. ಚೀಲಕ್ಕೆ ಕಪ್ಪು ಗಡ್ಡ ಮೂಡಿದ್ದು ಕಾಣುತ್ತದೆ. ಆ ಕಣಗಳು ಹಳಿಯ ನಡುವೆ ಉಳಿದರೆ ಇಂಜಿನ್ ಮೋಟಾರಿನ ಆಯಸ್ಕಾಂತ ಅವನ್ನು ಒಂದೊಂದಾಗಿ ಮೇಲೆಳೆದು ಗೇರಿನೊಳಗೆ ತುಂಬಿಕೊಳ್ಳುತ್ತದೆ. ಒಂದು ಭಾಗ ಬಿಳಿ ಫೆವಿಕಾಲ್, ಮೂರು ಭಾಗ ನೀರು, ಪಾತ್ರೆ ತೊಳೆಯುವ ದ್ರವದ ಎರಡು ಹನಿ: ಇದೇ ಅಂಟು. ಪಾಯಿಂಟಿನ ಚಲಿಸುವ ನಾಲಗೆಯ ಹತ್ತಿರ ಹನಿಯೂ ಬೀಳಬಾರದು. ಮಳೆಗಾಲದಲ್ಲಿ ಈ ಕೆಲಸಕ್ಕೆ ಹೋಗಬೇಡಿ. ಅಂಟು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಮಲೆನಾಡೆಂದು ನೋಡಿದವರಿಗೆ ತಿಳಿಯಬೇಕಾದರೆ ಹಳಿ ಪಕ್ಕ ಒಂದು ಅಡಿಕೆ ತೋಟ ಬೇಕು. ತೋಟದಲ್ಲಿ ಸಸಿಗಳ ಅಂತರ 2.7 ಮೀಟರ್. ಮಾದರಿಯಲ್ಲಿ 31 ಮಿ.ಮೀ. ಹದಿನೈದು ಮೀಟರ್ ಮರ 17 ಸೆಂ.ಮೀ. ಆಗುತ್ತದೆ, ಕಾಂಡಕ್ಕೆ ಒಂದೂವರೆ ಮಿ.ಮೀ. ದಪ್ಪದ ತಂತಿ. ಹತ್ತು ಸಾಲಿನಲ್ಲಿ ಹತ್ತತ್ತು ಮರವೆಂದರೆ ನೂರು ಮರ ಒಂದಡಿ ಚೌಕದಲ್ಲಿ ಮುಗಿಯಿತು. ಕಾಂಡಕ್ಕೆ ಬೂದು ಬಣ್ಣ, ತುದಿಯ ಒಂದೂವರೆ ಸೆಂ.ಮೀ. ಮಾತ್ರ ಹಸಿರು, ಅದರ ಮೇಲೆ ಕಾಗದದಲ್ಲಿ ಕತ್ತರಿಸಿದ ಏಳೆಂಟು ಸೋಗೆ. ತೋಟ ಯಾವತ್ತೂ ತಗ್ಗಿನಲ್ಲಿರಲಿ, ಹಳಿ ಅದಕ್ಕಿಂತ ಎತ್ತರದ ಏರಿಯ ಮೇಲೆ ಸಾಗಲಿ. ಆಗ ರೈಲು ಸೋಗೆಗಳ ಮಟ್ಟದಲ್ಲಿ ಹಾದುಹೋಗುತ್ತದೆ.

ಜೂನ್ ಬರುತ್ತಿದ್ದಂತೆ ಇಂಜಿನ್‌ಗಳನ್ನು ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಜೊತೆ ಸೇರಿಸಬೇಕು. ಬಣ್ಣ ಬದಲಾದಾಗ ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಜೆಲ್ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುವುದರಿಂದ ಅಡುಗೆಯ ಬಾಣಲೆ ಮುಟ್ಟಬೇಡಿ, ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಗೇರಿಗೆ ಕೊಬ್ಬರಿ ಎಣ್ಣೆಯೂ ಸಲ್ಲದು. 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ, ಮಾಗಿಯ ಬೆಳಗ್ಗೆ ಇಂಜಿನ್ ಮಿಸುಕುವುದಿಲ್ಲ.

ಮಳೆ ಬಿಟ್ಟು ಡಬ್ಬಿ ತೆರೆದ ದಿನ ಆತುರ ಬೇಡ. ಹಳಿಯ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ. ಉಪ್ಪುಕಾಗದ ಹಾಕಿದರೆ ಗೀರು ಬಿದ್ದು, ಆ ಗೀರಿನಲ್ಲೇ ಕೊಳೆ ಮನೆ ಮಾಡುತ್ತದೆ. ಪ್ರತಿ ಸೇರುವೆಯ ಸಂದನ್ನು ಬೆರಳಿನಿಂದ ಸವರಿ ನೋಡಿ, ನಾಣ್ಯದ ಪರೀಕ್ಷೆ ಮಾಡಿ. ಆಮೇಲೆ ಇಂಜಿನ್ ಒಂದನ್ನೇ ಮುಂದಕ್ಕೆ ಹತ್ತು ನಿಮಿಷ, ಹಿಂದಕ್ಕೆ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ. ಗೇರಿನ ಸದ್ದು ಒಂದೇ ಸಮನಾದ ಮೇಲೆ ಬೋಗಿ ಸೇರಿಸಿ.