ಹಾಡು ಆಮೇಲೆ, ಮೊದಲು ಸೋಫಾದ ಮೇಲಿನ ಮಾತು ಕೇಳಿ

ಅಮೆರಿಕದ ತಡರಾತ್ರಿಯ ಟಿವಿ ಶೋಗಳಿಗೆ ಎಪ್ಪತ್ತು ದಾಟಿದ ರಾಕ್ ಹಾಡುಗಾರರು ಬಂದರೆ ಎಲ್ಲರೂ ಕಾಯುವುದು ಕೊನೆಯ ಹಾಡಿಗೆ. ನಾನು ಕಾಯುವುದಿಲ್ಲ. ಅವರು ಸೋಫಾದ ಮೇಲೆ ಕೂತು, ನಿರೂಪಕನ ಜೋಕಿಗೆ ನಕ್ಕು, ಸಾವಿರ ಸಲ ಹೇಳಿದ ಹಳೆಯ ಕಥೆಯನ್ನೇ ಮತ್ತೆ ಹೇಳುತ್ತಾರಲ್ಲ, ಆ ಐದಾರು ನಿಮಿಷ ಸಾಕು ನನಗೆ.

ನಾನು ವಾಯ್ಸ್ ಥೆರಪಿಸ್ಟ್. ನನ್ನ ಹತ್ತಿರ ಬರುವವರು ಶಾಲೆಯ ಟೀಚರುಗಳು, ಯಕ್ಷಗಾನದ ಭಾಗವತರು, ಭಜನಾ ಮಂಡಳಿಯವರು, ಪೌರೋಹಿತ್ಯ ಮಾಡುವವರು. ರಾಕ್ ಹಾಡುಗಾರ ಯಾರೂ ಬಂದಿಲ್ಲ, ಬರುವುದೂ ಇಲ್ಲ ಬಿಡಿ. ಆದರೆ ಅವರ ಗಂಟಲಿಗೂ ನಮ್ಮವರ ಗಂಟಲಿಗೂ ಒಳಗಿನ ರಚನೆಯಲ್ಲಿ ಏನೂ ಫರಕಿಲ್ಲ. ಹಾಗಾಗಿ "ಪಾಪ, ವಯಸ್ಸಾಯ್ತು, ದನಿ ಹೋಯ್ತು, ಇನ್ನಾದರೂ ಮನೇಲಿ ಕೂರಬಾರದಾ" ಅಂತ ಜನ ಸುಲಭವಾಗಿ ಹೇಳುವಾಗ ನನಗೆ ಸ್ವಲ್ಪ ಕಿರಿಕಿರಿ ಆಗುತ್ತದೆ. ಹೋಗಿರುವುದು ಏನು, ಉಳಿದಿರುವುದು ಏನು ಅಂತ ಒಂದು ಹಾಡು ಕೇಳಿ ಹೇಳುವುದು ಕಷ್ಟ.

ಯಾಕೆ ಅಂದರೆ, ಹಾಡುವಾಗ ಮುಚ್ಚಿಕೊಳ್ಳಲು ನೂರು ದಾರಿ ಇವೆ. ಹಿಂದೆ ಇಬ್ಬರು ಮೂವರು ಕೋರಸ್ ಹಾಡುವವರು ಇರುತ್ತಾರೆ. ಗಿಟಾರು, ಡ್ರಮ್ಸು ಜೋರಾಗಿರುತ್ತವೆ. ಐವತ್ತು ವರ್ಷ ಮೈಕ್ ಹಿಡಿದವರಿಗೆ ಯಾವ ಸ್ವರಕ್ಕೆ ಅದನ್ನು ಬಾಯಿಗೆ ಹತ್ತಿರ ತರಬೇಕು, ಯಾವುದಕ್ಕೆ ದೂರ ಹಿಡಿಯಬೇಕು ಅಂತ ಕೈಗೇ ಗೊತ್ತಿರುತ್ತದೆ. ಮಾತಾಡುವಾಗ ಇದ್ಯಾವುದೂ ಇಲ್ಲ. ವಾಕ್ಯದ ಕೊನೆಯ ಎರಡು ಪದಕ್ಕೆ ಗಾಳಿ ಉಳಿಯುತ್ತದಾ? ನಗು ಕೆಮ್ಮಿಗೆ ತಿರುಗುತ್ತದಾ? ಪ್ರತಿ ಉತ್ತರಕ್ಕೂ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರಾ? ಉಸಿರನ್ನು ಎದೆಯ ಮೇಲ್ಭಾಗದಿಂದ, ಭುಜ ಎತ್ತಿ ಎಳೆದುಕೊಳ್ಳುತ್ತಾರಾ? ಮಾತಾಡುವಾಗ ಕತ್ತಿನ ನರ ಉಬ್ಬುತ್ತದಾ? ನನ್ನ ಕ್ಲಿನಿಕ್ಕಿನಲ್ಲೂ ಮೊದಲ ಕೆಲಸ ಇದೇ. "ಸಾ ಹಾಡಿ" ಅನ್ನುವುದಿಲ್ಲ, "ಊರು ಯಾವುದು, ಬಸ್ಸು ಎಷ್ಟೊತ್ತಿಗೆ ಹತ್ತಿದ್ರಿ" ಅಂತ ಕೇಳುತ್ತೇನೆ.

ವಯಸ್ಸು ಗಂಟಲಿಗೆ ಮಾಡುವುದು ಏನು ಅಂತ ಸ್ವಲ್ಪ ಹೇಳಬೇಕು. ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿ ತಂತುಗಳಿವೆ. ತಂತು ಅಂತ ಹೆಸರೇ ಹೊರತು ಅವು ತಂತಿಯಲ್ಲ, ಮಾಂಸದ ಮೇಲೆ ಮೆತ್ತನೆಯ ಪದರ ಹೊದೆದ ಮಡಿಕೆಗಳು. ಗಂಡಸರು ಮಾತಾಡುವಾಗ ಅವು ಸೆಕೆಂಡಿಗೆ ನೂರರಿಂದ ನೂರಮೂವತ್ತು ಸಲ, ಹೆಂಗಸರು ಮಾತಾಡುವಾಗ ಇನ್ನೂರರ ಆಚೀಚೆ ಒಂದಕ್ಕೊಂದು ಬಡಿಯುತ್ತವೆ. ವಯಸ್ಸಾದಂತೆ ಒಳಗಿನ ಮಾಂಸ ಸೊರಗುತ್ತದೆ, ಮೇಲಿನ ಪದರದ ಎಳೆತ ಕಡಿಮೆಯಾಗುತ್ತದೆ, ಅಂಚು ಬಿಲ್ಲಿನಂತೆ ಬಾಗುತ್ತದೆ. ಮರ ಒಣಗಿ ಬಾಗಿದ ಹಳೆ ಕಿಟಕಿಯ ಬಾಗಿಲುಗಳ ಹಾಗೆ, ಮೇಲೆ ಕೆಳಗೆ ಮುಟ್ಟಿದರೂ ನಡುವೆ ಸಂದು ಉಳಿಯುತ್ತದೆ. ಆ ಸಂದಿನಿಂದ ಗಾಳಿ ಸೋರುತ್ತದೆ. ಅದಕ್ಕೇ ದನಿಯಲ್ಲಿ ಗಾಳಿ ಜಾಸ್ತಿ, ಗಟ್ಟಿತನ ಕಡಿಮೆ. ಗಂಡಸರ ದನಿ ವಯಸ್ಸಾದಂತೆ ಸ್ವಲ್ಪ ತೆಳುವಾಗಿ ಮೇಲೇರುತ್ತದೆ. ಹೆಂಗಸರದ್ದು ಉಲ್ಟಾ, ಮುಟ್ಟು ನಿಂತ ಮೇಲೆ ಕೆಳಗಿಳಿಯುತ್ತದೆ. ಜೊತೆಗೆ ಶ್ವಾಸಕೋಶ ಹಿಡಿಯುವ ಗಾಳಿಯೂ ಕಡಿಮೆ, ಬಾಯಿ ಗಂಟಲಿನ ಪಸೆಯೂ ಕಡಿಮೆ. ಬಿಪಿ ಮಾತ್ರೆ, ಅಲರ್ಜಿ ಮಾತ್ರೆಗಳಲ್ಲಿ ಕೆಲವು ಇನ್ನಷ್ಟು ಒಣಗಿಸುತ್ತವೆ.

ಇಂಥ ಗಂಟಲಿಗೆ ಟಿವಿ ಸ್ಟುಡಿಯೋ ಬಹಳ ಕೆಟ್ಟ ಜಾಗ. ನೋಡುವವರಿಗೆ ಅದು ರಾತ್ರಿ ಹನ್ನೊಂದೂವರೆಯ ಶೋ. ರೆಕಾರ್ಡ್ ಆಗುವುದು ಅದೇ ದಿನ ಸಂಜೆಗೆ, ಐದರ ಆಸುಪಾಸು. ಅದಕ್ಕೂ ಮೊದಲು ಮಧ್ಯಾಹ್ನದಿಂದ ಸೌಂಡ್ ಚೆಕ್, ಆಮೇಲೆ ಕ್ಯಾಮೆರಾದವರಿಗಾಗಿ ರಿಹರ್ಸಲ್. ಅಂದರೆ ನಾವು ನೋಡುವ ಆ ಮೂರೂವರೆ ನಿಮಿಷದ ಹಾಡನ್ನು ಅವರು ಅವತ್ತು ಆಗಲೇ ಹಲವು ಸಲ ಹಾಡಿ, ನಡುವೆ ಗಂಟೆಗಟ್ಟಲೆ ಕಾದು, ಸೋಫಾದಲ್ಲಿ ಮಾತಾಡಿ ಬಂದಿರುತ್ತಾರೆ. ದೊಡ್ಡ ಸಂಗೀತ ಕಛೇರಿಯಲ್ಲಿ ಮೂರನೇ ನಾಲ್ಕನೇ ಹಾಡಿಗೆ ಗಂಟಲು ಹದಕ್ಕೆ ಬರುತ್ತದೆ. ಇಲ್ಲಿ ಮೊದಲ ಹಾಡೇ ಕೊನೆಯದು. ಅದರ ಮೇಲೆ ಚಳಿ. ಇಂಥ ಶೋವನ್ನು ಬಹಳ ವರ್ಷ ನಡೆಸಿದ ನಿರೂಪಕ ಡೇವಿಡ್ ಲೆಟರ್‌ಮನ್ ತಮ್ಮ ಶೋ ನಡೆಯುತ್ತಿದ್ದ ನ್ಯೂಯಾರ್ಕಿನ ಎಡ್ ಸಲಿವನ್ ಥಿಯೇಟರನ್ನು ಫ್ರಿಜ್ಜಿನಂತೆ ಇಡಿಸುತ್ತಿದ್ದದ್ದು ಪ್ರಸಿದ್ಧ. ಚಳಿಯಲ್ಲಿ ಜನ ಚುರುಕಾಗಿ ನಗುತ್ತಾರೆ ಅನ್ನುವುದು ಟಿವಿಯವರ ನಂಬಿಕೆ. ಹಾಡುವವನ ಒಣಗಂಟಲಿಗೆ ಎಸಿ ಗಾಳಿ ಏನು ಮಾಡುತ್ತದೆ ಅಂತ ಯಾರು ಕೇಳಬೇಕು?

ಇನ್ನೊಂದು ವಿಷಯ. ಸ್ಟೇಡಿಯಂನಲ್ಲಿ ಎತ್ತರದ ಸ್ವರ ಬಂದಾಗ ಹಾಡುಗಾರ ಮೈಕನ್ನು ಜನರ ಕಡೆ ತಿರುಗಿಸುತ್ತಾನೆ, ಐವತ್ತು ಸಾವಿರ ಜನ ಅದನ್ನು ಹಾಡಿಬಿಡುತ್ತಾರೆ. ಸ್ಟುಡಿಯೋದಲ್ಲಿರುವವರು ಕೆಲವೇ ನೂರು ಜನ. ಅಲ್ಲಿ ಮೈಕ್ ತಿರುಗಿಸಿದರೆ ಪೇಚಾಟ.

ಈಗ ಅಮೆರಿಕದ ಹಾಡುಗಾರ ಬಾಬ್ ಡಿಲನ್ ವಿಷಯ. ಅವರು ಸೋಫಾದಲ್ಲಿ ಕೂರುವ ಪೈಕಿ ಅಲ್ಲ, ನನ್ನ ಸಿದ್ಧಾಂತಕ್ಕೆ ಅವರಿಂದ ಉಪಯೋಗವೇ ಇಲ್ಲ. ಆದರೂ ಒಬ್ಬರದೇ ಗಂಟಲನ್ನು ಒಬ್ಬನೇ ನಿರೂಪಕನ ಮುಂದೆ ಮೂವತ್ತೊಂದು ವರ್ಷದ ಅಂತರದಲ್ಲಿ ಕೇಳುವ ಅವಕಾಶ ಸುಮ್ನೆ ಸಿಗುವುದಿಲ್ಲ. 1984ರ ಮಾರ್ಚಿನಲ್ಲಿ ಲೆಟರ್‌ಮನ್ ಶೋಗೆ ಬಂದಾಗ ಡಿಲನ್‌ಗೆ 42. ಜೊತೆಗಿದ್ದವರು ಲಾಸ್ ಏಂಜಲೀಸಿನ ಪ್ಲಗ್ಸ್ ಅನ್ನುವ ಪಂಕ್ ಬ್ಯಾಂಡಿನ ಹುಡುಗರು. ಮೂರು ಹಾಡು. ಮೂರನೆಯದರಲ್ಲಿ ಬೇರೆ ಶ್ರುತಿಯ ಹಾರ್ಮೋನಿಕಾ ಕೈಗೆ ಬಂದು, ಸರಿಯಾದದ್ದಕ್ಕಾಗಿ ವೇದಿಕೆಯ ಮೇಲೆ ಹುಡುಕಾಡುತ್ತಾರೆ, ಹುಡುಗರು ನಿಲ್ಲಿಸದೆ ಬಾರಿಸುತ್ತಲೇ ಇರುತ್ತಾರೆ. ಹಾಡುವ ರೀತಿ ಪೂರ್ತಿ ಒತ್ತಡದ್ದು. ಗಾಳಿಯನ್ನು ಕೆಳಗಿನಿಂದ ಜೋರಾಗಿ ನೂಕಿ, ಮೂಗಿನ ಮೂಲಕ ಹರಿಸಿ, ಡ್ರಮ್ಸಿನ ಮೇಲೆ ಕೂಗುವುದು. 42ರ ಗಂಟಲಿಗೆ ಅದು ನಡೆಯುತ್ತದೆ.

2015ರ ಮೇ 19. ಲೆಟರ್‌ಮನ್ ನಿವೃತ್ತಿಯ ಹಿಂದಿನ ದಿನದ ಶೋ. ಡಿಲನ್‌ಗೆ 74 ತುಂಬಲು ಐದು ದಿನ ಬಾಕಿ. ನಡುವಿನ ವರ್ಷಗಳಲ್ಲಿ ಅವರ ದನಿ ಎಷ್ಟು ಗೊಗ್ಗರಾಗಿತ್ತು ಅಂದರೆ ಅಭಿಮಾನಿಗಳೂ ಒಪ್ಪಿಕೊಳ್ಳುವಷ್ಟು. ಅವತ್ತು ಅವರು ತಮ್ಮ ಹಳೆಯ ಹಿಟ್ ಹಾಡಲಿಲ್ಲ. ಹಿಂದೆ ಫ್ರ್ಯಾಂಕ್ ಸಿನಾಟ್ರಾ ಹಾಡಿದ್ದ ಒಂದು ನಿಧಾನದ ಹಾಡು ಆರಿಸಿಕೊಂಡರು. ಬ್ಯಾಂಡು ಪಿಸುಗುಟ್ಟಿದಷ್ಟು ಮೆಲ್ಲಗೆ. ಅದರಿಂದ ಏನಾಗುತ್ತದೆ ನೋಡಿ. ಸುತ್ತ ಗದ್ದಲ ಕಡಿಮೆ ಇದ್ದರೆ ಮನುಷ್ಯ ತಾನಾಗಿ ದನಿ ಇಳಿಸುತ್ತಾನೆ. ದನಿ ಇಳಿದರೆ ಕೆಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಸೊರಗಿದ ತಂತು ಕೂಡ ಸಮಾಧಾನವಾಗಿ ಕಂಪಿಸುತ್ತದೆ, ಗೊಗ್ಗರು ಕಡಿಮೆಯಾಗುತ್ತದೆ. ಹಾಡಿನ ಸಾಲುಗಳು ಉದ್ದ, ಆದರೆ ನಡುವೆ ಉಸಿರಿಗೆ ಜಾಗ ಇದೆ. ನನ್ನ ಕಿವಿಗೆ ಇದು ದನಿ ಕಳಕೊಂಡವರ ಹಾಡಲ್ಲ, ಉಳಿದ ದನಿಗೆ ತಕ್ಕ ಹಾಡು ಹುಡುಕಿಕೊಂಡವರ ಹಾಡು. ರಾಕ್‌ನವರಲ್ಲಿ ಈ ಬುದ್ಧಿ ಎಲ್ಲರಿಗೂ ಬರುವುದಿಲ್ಲ.

ಬರದೆ ಇರಲು ಕಾರಣವೂ ಇದೆ. ನಮ್ಮ ಸಂಗೀತದಲ್ಲಿ ವಯಸ್ಸಾದಂತೆ ಶ್ರುತಿಯನ್ನು ಅರ್ಧ ಮನೆ, ಒಂದು ಮನೆ ಇಳಿಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ರಾಗ ಅದೇ, ಪಲುಕು ಅದೇ. ಗಂಗೂಬಾಯಿ ಹಾನಗಲ್ಲರ ದನಿ ಟಾನ್ಸಿಲ್ ಚಿಕಿತ್ಸೆಯ ನಂತರ ಗಂಡುದನಿಯಷ್ಟು ದಪ್ಪವಾಯಿತು, ಆ ದನಿಯಲ್ಲೇ ಅವರು ದೊಡ್ಡವರಾದರು. ರಾಕ್‌ನಲ್ಲಿ ಹಾಗಿಲ್ಲ. ಅಲ್ಲಿ ಕೇಳುಗನ ತಲೆಯಲ್ಲಿ ಇರುವುದು ರೆಕಾರ್ಡು. 1970ರಲ್ಲೋ 80ರಲ್ಲೋ ಒಬ್ಬ ಇಪ್ಪತ್ತೈದರ ಹುಡುಗ ಸ್ಟುಡಿಯೋದಲ್ಲಿ ಹತ್ತು ಟೇಕ್ ತಗೊಂಡು ಕಿರುಚಿದ ಸ್ವರ. ಎಪ್ಪತ್ತರಲ್ಲಿ ಅದನ್ನೇ ಕೊಡು ಅಂದರೆ ಎಲ್ಲಿಂದ ತರುವುದು? ಗಿಟಾರುಗಳನ್ನು ಅರ್ಧ ಮನೆ ಕೆಳಗೆ ಶ್ರುತಿ ಮಾಡಿಕೊಳ್ಳುವವರು ಬಹಳ ಜನ, ಆದರೆ ಅದನ್ನು ಮೋಸ ಅನ್ನುವ ಹಾಗೆ ಮಾತಾಡುವವರೂ ಇದ್ದಾರೆ. ನನಗಂತೂ ಅದು ವೈದ್ಯರು ಬರೆದುಕೊಡಬೇಕಾದ ಔಷಧಿ ಅನಿಸುತ್ತದೆ. ಹಾಡುಗಾರ್ತಿ ಜೋನಿ ಮಿಚೆಲ್ 2024ರ ಗ್ರ್ಯಾಮಿ ಸಮಾರಂಭದಲ್ಲಿ, ಎಂಬತ್ತರ ವಯಸ್ಸಲ್ಲಿ, ಕುರ್ಚಿಯಲ್ಲಿ ಕೂತು ತಮ್ಮ ಇಪ್ಪತ್ತರ ಹರೆಯದ ಹಾಡನ್ನು ತುಂಬ ಕೆಳಗಿನ ಸ್ಥಾಯಿಯಲ್ಲಿ ಹಾಡಿದರು. 2015ರಲ್ಲಿ ಮೆದುಳಿನ ರಕ್ತನಾಳದ ತೊಂದರೆಯಾಗಿ ಮಾತು, ನಡಿಗೆ ಮತ್ತೆ ಕಲಿತವರು ಅವರು. ಯಾರೂ ಹಳೆಯ ಎತ್ತರದ ದನಿ ಕೇಳಲಿಲ್ಲ.

ಇನ್ನು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವ ಚಟ. ರಾಕ್ ಹಾಡುಗಾರ ರಾಡ್ ಸ್ಟುವರ್ಟ್‌ಗೆ 2000ದಲ್ಲಿ ಥೈರಾಯ್ಡ್ ಕ್ಯಾನ್ಸರಿನ ಆಪರೇಷನ್ ಆಯಿತು. ಹಾಡುವುದನ್ನು ತಿಂಗಳುಗಟ್ಟಲೆ ಹೊಸದಾಗಿ ಕಲಿಯಬೇಕಾಯಿತು. ಆಮೇಲೆ ಅವರು ಹಳೆಯ ಅಮೆರಿಕನ್ ಮೆಲ್ಲನೆಯ ಹಾಡುಗಳ ಕಡೆ ಹೊರಳಿದರು, 2002ರಿಂದ ಅದೇ ಒಂದು ದೊಡ್ಡ ಸರಣಿಯಾಯಿತು. ಮಾರ್ಕೆಟಿಂಗ್ ಅಂದವರಿದ್ದಾರೆ, ಇರಬಹುದು, ಆದರೆ ಆಪರೇಷನ್ ಆದ ಗಂಟಲಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ನಾನೂ ಹೇಳಲಾರೆ. ಏರೋಸ್ಮಿತ್‌ನ ಹಾಡುಗಾರ ಸ್ಟೀವನ್ ಟೈಲರ್‌ಗೆ 2023ರ ಸೆಪ್ಟೆಂಬರಿನಲ್ಲಿ ಧ್ವನಿಪೆಟ್ಟಿಗೆಯೇ ಬಿರುಕು ಬಿಟ್ಟಿತು, ಮುಂದಿನ ವರ್ಷ ಬ್ಯಾಂಡು ಪ್ರವಾಸ ನಿಲ್ಲಿಸಿತು. ಅದು ವಯಸ್ಸಲ್ಲ, ಏಟು. ವಯಸ್ಸಾದಂತೆ ಮೆದುಎಲುಬು ಗಟ್ಟಿ ಮೂಳೆಯಾಗುತ್ತಾ ಬರುವುದರಿಂದ ಎಳೆಯರಲ್ಲಿ ಬಳುಕುವ ಪೆಟ್ಟಿಗೆ ದೊಡ್ಡವರಲ್ಲಿ ಬಿರಿಯುತ್ತದೆ, ಅಷ್ಟರಮಟ್ಟಿಗೆ ವಯಸ್ಸಿನ ಪಾಲಿದೆ.

ರಾಕ್ ಹಾಡುಗಾರ ಜಾನ್ ಬಾನ್ ಜೋವಿ ಕಥೆ ನನಗೆ ಹೆಚ್ಚು ಕುತೂಹಲದ್ದು. ಒಂದು ಕಡೆಯ ತಂತು ಸೊರಗಿ ಹೋಗಿತ್ತು ಅಂತ ಅವರೇ ಸಂದರ್ಶನಗಳಲ್ಲಿ ಬಿಡಿಸಿ ಹೇಳಿದ್ದಾರೆ. 2022ರಲ್ಲಿ ಆಪರೇಷನ್. ಅದರಲ್ಲಿ ಮಾಡುವುದು ಹೀಗೆ: ಕತ್ತಿನ ಹೊರಗಿನಿಂದ ಧ್ವನಿಪೆಟ್ಟಿಗೆಗೆ ಒಂದು ಸಣ್ಣ ಕಿಂಡಿ ತೆರೆದು, ಸೊರಗಿದ ತಂತುವಿನ ಪಕ್ಕ ಒಂದು ಪುಟ್ಟ ತುಂಡು ಇಟ್ಟು, ಅದನ್ನು ನಡುಗೆರೆಯ ಕಡೆ ತಳ್ಳುವುದು. ಆಗ ಎರಡೂ ತಂತು ಕೂಡುತ್ತವೆ, ಗಾಳಿ ಸೋರುವುದು ನಿಲ್ಲುತ್ತದೆ. ಸಾಮಾನ್ಯವಾಗಿ ರೋಗಿಗೆ ಪೂರ್ತಿ ಎಚ್ಚರ ತಪ್ಪಿಸುವುದಿಲ್ಲ, ನಡುವೆ "ಒಂದು ಎರಡು ಹೇಳಿ" ಅಂತ ಮಾತಾಡಿಸಿ, ದನಿ ಕೇಳಿಯೇ ತುಂಡಿನ ಜಾಗ ಸರಿಮಾಡುತ್ತಾರೆ. ಮಾತಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡೂವರೆ ಗಂಟೆ ಸ್ಟೇಡಿಯಂ ಹಾಡಿಗೆ? ಅದು ಬೇರೆ ಲೆಕ್ಕ. ಆಪರೇಷನ್ ನಂತರ ಸೋಫಾದಲ್ಲಿ ಚೆನ್ನಾಗಿ ಮಾತಾಡಿದರು ಅಂತ ನಾಳೆಯೇ ಪ್ರವಾಸ ಹೊರಡಬೇಕು ಅಂದುಕೊಳ್ಳಬಾರದು. ಟೀಚರುಗಳಿಗೂ ನಾನು ಇದನ್ನೇ ಹೇಳುವುದು: ಮನೆಯಲ್ಲಿ ಮಾತಾಡಲು ಬಂತು ಅಂದರೆ ಅರವತ್ತು ಮಕ್ಕಳ ಕ್ಲಾಸಿಗೆ ದನಿ ಬಂತು ಅಂತಲ್ಲ.

ಕಿವಿಯ ವಿಷಯ ಚಿಕ್ಕದಾಗಿ. ಸ್ವರ ತಪ್ಪುವುದಕ್ಕೆ ಗಂಟಲೇ ಕಾರಣ ಆಗಬೇಕಿಲ್ಲ. ತನ್ನ ದನಿ ತನಗೆ ಸರಿಯಾಗಿ ಕೇಳಿಸದಿದ್ದರೂ ಸ್ವರ ಜಾರುತ್ತದೆ, ಜೊತೆಗೆ ಜೋರಾಗಿ ಕೂಗುವ ಅಭ್ಯಾಸ ಬೀಳುತ್ತದೆ. ಎಸಿ/ಡಿಸಿ ಅನ್ನುವ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸದ ನಡುವೆ ನಿಲ್ಲಬೇಕಾದದ್ದು ಕಿವಿಯಿಂದ, ಗಂಟಲಿನಿಂದಲ್ಲ. ದಿ ಹೂ ಅನ್ನುವ ಬ್ಯಾಂಡಿನ ಗಿಟಾರುಗಾರ ಪೀಟ್ ಟೌನ್ಸೆಂಡ್ 1967ರಲ್ಲಿ ಒಂದು ಟಿವಿ ಶೋನಲ್ಲೇ ಡ್ರಮ್ಮಿನಲ್ಲಿ ತುಂಬಿದ್ದ ಸಿಡಿಮದ್ದು ಸ್ಫೋಟಿಸಿದಾಗ ಪಕ್ಕದಲ್ಲೇ ಇದ್ದವರು. ಕಿವಿ ಹಾಳಾದ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದ ರಾಕ್‌ನವರಲ್ಲಿ ಅವರೊಬ್ಬರು.

ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹಾಡುಗಾರ ಮಿಕ್ ಜಾಗರ್ ಹೇಗೆ ಹಾಗಾದರೆ ಅಂತ ಕೇಳುತ್ತೀರಿ, ಗೊತ್ತು. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದಾಗ ಅವರಿಗೆ ಅರವತ್ತರ ಹತ್ತಿರ. 2023ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹ್ಯಾಕ್ನಿ ಎಂಪೈರ್ ಥಿಯೇಟರಿಗೆ ಟಿವಿ ನಿರೂಪಕ ಜಿಮ್ಮಿ ಫ್ಯಾಲನ್ ಬಂದು ಹೊಸ ಆಲ್ಬಂ ಬಗ್ಗೆ ಮಾತಾಡಿಸಿದಾಗ ಎಂಬತ್ತು. ಆ ಸಂಭಾಷಣೆ ಸಿಕ್ಕರೆ ಕೇಳಿ. ಮಾತು ಚುರುಕು, ನಗುವಿಗೆ ಗಾಳಿ ಇದೆ. 2019ರಲ್ಲಿ ಹೃದಯದ ಕವಾಟದ ಚಿಕಿತ್ಸೆ ಆದವರು. ಇಷ್ಟು ವರ್ಷ ಓಡಿ ಕುಣಿದದ್ದು ಕಾಲಿಗಿಂತ ಉಸಿರಿಗೆ ಜಾಸ್ತಿ ಉಪಕಾರ ಮಾಡಿದೆ ಅನ್ನುವುದು ನನ್ನ ಅಂದಾಜು. ಅವರು ಮೊದಲಿನಿಂದಲೂ ಅರ್ಧ ಮಾತು, ಅರ್ಧ ಹಾಡು ಅನ್ನುವ ಶೈಲಿಯವರು. ಉದ್ದ ಎಳೆಯುವ ಎತ್ತರದ ಸ್ವರದ ಸಾಲ ಅವರ ಮೇಲೆ ಅಷ್ಟಿಲ್ಲ.

ಉಸಿರು ಅಂದಾಗ ಅಮೆರಿಕದ ಹಾಡುಗಾರ ವಾರನ್ ಝೆವಾನ್ ಅವರನ್ನು ಬಿಡಲಾಗುವುದಿಲ್ಲ. ವಯಸ್ಸು ಆಗ 55 ಅಷ್ಟೇ. ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ, 2002ರ ಅಕ್ಟೋಬರ್ 30ರಂದು ಲೆಟರ್‌ಮನ್ ಇಡೀ ಶೋವನ್ನು ಅವರೊಬ್ಬರಿಗೇ ಕೊಟ್ಟರು. ಮಾತು, ಮತ್ತೆ ಮೂರು ಹಾಡು. ಜೀವನ ಸಾವಿನ ಬಗ್ಗೆ ಏನು ಕಲಿತಿರಿ ಅಂದಾಗ ಪ್ರತಿಯೊಂದು ಸ್ಯಾಂಡ್‌ವಿಚ್ಚನ್ನೂ ಖುಷಿಯಿಂದ ತಿನ್ನಬೇಕು ಅಂದದ್ದು ಎಲ್ಲರಿಗೂ ನೆನಪಿದೆ. ಆ ಶೋವನ್ನು ನನ್ನ ಕೈಕೆಳಗೆ ಕಲಿಯುವವರಿಗೂ ತೋರಿಸುತ್ತೇನೆ. ಜೋಕುಗಳು ಚಿಕ್ಕವು, ಒಂದೊಂದು ಉಸಿರಿಗೆ ಹೊಂದುವಷ್ಟು. ಉಸಿರು ಕಡಿಮೆ ಇದ್ದವರಿಗೆ ಸಾಲು ಮುರಿದು ಮಾತಾಡಲು ಕಲಿಸುವಾಗ ನಾವು ಹೇಳಿಕೊಡುವುದೂ ಅದೇ. ಅವರು 2003ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಭಾಗವತರೊಬ್ಬರು, ಅರವತ್ತು ಮೀರಿದವರು, ಕಪ್ಪು ಎರಡರ (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ) ಶ್ರುತಿ ಬಿಡಲೊಲ್ಲರು. "ಬಿಳಿ ಎರಡಕ್ಕೆ ಇಳಿದರೆ ಮೇಳದಲ್ಲಿ ಮರ್ಯಾದೆ ಏನು ಉಳೀತದೆ ಹೇಳಿ" ಅಂತ ಅವರ ಪ್ರಶ್ನೆ. ಇಳಿಯುವುದು ಅರ್ಧ ಮನೆ. ಅವರಿಗೆ ಡಿಲನ್ ವಿಡಿಯೋ ತೋರಿಸಿದೆ. "ಇವರಿಗೆ ಮೊದಲೂ ಸ್ವರ ಇರಲಿಲ್ವಲ್ಲ" ಅಂದರು! ವಾದ ಅಲ್ಲಿಗೆ ಮುಗಿಯಿತು, ಆದರೆ ಮುಂದಿನ ಸಲ ಬಂದಾಗ ಪದ್ಯಗಳ ನಡುವೆ ನೀರು ಕುಡಿಯಲು, ಹಗಲು ಮಾತು ಕಡಿಮೆ ಮಾಡಲು ಒಪ್ಪಿಕೊಂಡರು. ಶ್ರುತಿಯ ಮಾತು ಮಳೆಗಾಲ ಕಳೆದ ಮೇಲೆ ಆಡೋಣ ಅಂದಿದ್ದಾರೆ.

ಒಂದು ವಿನಂತಿ. ಕ್ಲಿಪ್ಪು ಕಳಿಸಿ "ಇವರಿಗೆ ಏನಾಗಿದೆ ಹೇಳಿ ಸರ್" ಅಂತ ಕೇಳಬೇಡಿ. ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡದೆ ಯಾರಿಗೆ ಏನು ಅಂತ ನಾನು ಹೇಳುವುದಿಲ್ಲ, ಡಿಲನ್ ಇರಲಿ, ನಿಮ್ಮ ಮಾವನೇ ಇರಲಿ. ಮಾವನ ದನಿ ಮೂರು ವಾರ ದಾಟಿಯೂ ಕಟ್ಟಿಕೊಂಡೇ ಇದ್ದರೆ, ಬೀಡಿ ಸಿಗರೇಟು ಸೇದುವವರಾದರಂತೂ, ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನನ್ನ ಸರದಿ ಅದಾದ ಮೇಲೆ.